ಮಡಿವಾಳೆಪ್ಪನ ಮೋಟರ್ ಉಲ್ಟಾ ತಿರುಗಿದ್ದು

ಬೈಲಹೊಂಗಲದ ಮಡಿವಾಳೆಪ್ಪ ಕೈಯಿಟ್ಟ ಮೋಟರ್ ಉಲ್ಟಾ ತಿರುಗಿದ್ದನ್ನು ಕಂಡವರು ಕಿತ್ತೂರಿನಿಂದ ರಾಮದುರ್ಗದವರೆಗೆ ಒಬ್ಬರೂ ಇಲ್ಲ. ನಾಳೆ ಭೂಮಿ ನಿಂತರೆ ದೇವರು ಅವನಿಗೇ ಫೋನ್ ಮಾಡಬೇಕು. ಮೂವತ್ತು ವರ್ಷಗಳಿಂದ ಸುಟ್ಟ ಮೋಟರುಗಳಿಗೆ ತಾಮ್ರದ ತಂತಿ ಸುತ್ತುತ್ತಿದ್ದಾನೆ. ಅದನ್ನೆಲ್ಲ ಬಿಚ್ಚಿದರೆ ಚಂದ್ರನಿಗೆ ಎರಡು ಸುತ್ತು ಹಾಕಿ, ಮಿಕ್ಕಿದ್ದರ ಮೇಲೆ ಅರಿವೆ ಒಣಹಾಕಬಹುದು. ಮಾತು ಮಾತ್ರ ಕಡಿಮೆ. ಕೆಲಸಕ್ಕೆ ಮುಂಚೆ ಗಿರಾಕಿಗೆ ಒಂದೇ ಪ್ರಶ್ನೆ: “ಯಾವ ಕಡೆ ತಿರುಗಬೇಕ್ರಿ?” ಎರಡು ವೈರ್ ಅದಲುಬದಲಾದರೆ ಮೋಟರ್ ಹಿಂದಕ್ಕೆ ತಿರುಗುತ್ತದೆ, ಅದಕ್ಕೆ.

ಚಳಿಗಾಲದಲ್ಲಿ ನಮ್ಮೂರಿಗೆ ಸ್ವೆಟರ್ ಮಾರಲು ಬರುವ ಟಿಬೆಟಿನ ನೋರ್ಬು ಹೋದ ವರ್ಷ ಅವನ ಅಂಗಡಿಗೆ ಬಂದ. ಮುಂಡಗೋಡದ ಅವರ ಕ್ಯಾಂಪಿನಲ್ಲಿ ಆಳೆತ್ತರದ ಪ್ರಾರ್ಥನಾ ಚಕ್ರವಿದೆಯಂತೆ. ಒಳಗೆ ಮಂತ್ರ ಬರೆದ ಸಾವಿರಾರು ಹಾಳೆಗಳ ಸುರುಳಿ. ಒಂದು ಸುತ್ತು ತಿರುಗಿಸಿದರೆ ಅಷ್ಟನ್ನೂ ಓದಿದ ಪುಣ್ಯ. ಅದೂ ತಿರುಗಿಸಿದವನೊಬ್ಬನಿಗಲ್ಲ, ಸಕಲ ಜೀವಿಗಳಿಗೆ. ನೋರ್ಬುವಿನ ತಾಯಿಗೆ ಭುಜ ಹಿಡಿದುಕೊಂಡು ಈಗ ತಿರುಗಿಸಲಾಗುತ್ತಿಲ್ಲ.

“ಒಂದು ಮೋಟರ್ ಕೂಡ್ಸಿ ಕೊಡ್ರಿ,” ಎಂದ.

ಮಾಸ್ತರಿಕೆಯಿಂದ ನಿವೃತ್ತನಾಗಿ ಮಡಿವಾಳೆಪ್ಪನ ಅಂಗಡಿಯ ಸ್ಟೂಲಿಗೆ ಬಡ್ತಿ ಪಡೆದಿದ್ದ ನಾನೂ ಜೊತೆಗೆ ಹೊರಟೆ. ಕ್ಯಾಂಪಿನಲ್ಲಿ ಮಡಿವಾಳೆಪ್ಪ ಚಕ್ರಕ್ಕೆ ಬೆಲ್ಟ್ ಏರಿಸಿ, ವೈರ್ ಹಿಡಿದು, ನೋರ್ಬುವಿಗಾಗಿ ಸುತ್ತ ನೋಡಿದ. ನೋರ್ಬು ತಾಯಿಯನ್ನು ಕರೆತರಲು ಹೋಗಿದ್ದ.

“ಯಾವ ಕಡೆ ಅಂತ ಕೇಳಬೇಕಿತ್ರಿ, ಮಾಸ್ತರ.”

“ಏ, ಅದೇನ್ ಕೇಳ್ತಿ? ಮೂವತ್ತು ವರ್ಷ ಬುದ್ಧನ ಪಾಠಾ ಮಾಡೇನಿ. ದೇವರಿಗೆ ಎಡಾ ಬಲಾ ಇಲ್ಲೋ. ಕೇಳಿದರ ಬೈಲಹೊಂಗಲದ ಮರ್ಯಾದಿ ಹೋಗ್ತದ. ಹಾಕು ಸ್ವಿಚ್ಚು!”

ಹಾಕಿದ. ಚಕ್ರ ಎಡಕ್ಕೆ ತಿರುಗಿತು.

ಕೋಲೂರಿಕೊಂಡು ಬಂದ ಮುದುಕಿ ಬೈಯಲಿಲ್ಲ. ನೋಯುವ ಕೈಯನ್ನೇ ಅಡ್ಡ ಇಟ್ಟು ಚಕ್ರ ನಿಲ್ಲಿಸಲು ಹೋದಳು. ಮಡಿವಾಳೆಪ್ಪ ಹಾರಿ ಸ್ವಿಚ್ಚು ಆರಿಸಿದ.

ನೋರ್ಬು ಮೆಲ್ಲಗೆ ಹೇಳಿದ: “ನೀವು ಗುಡಿ ಬಲಕ್ಕ ಸುತ್ತೂದಿಲ್ಲೇನ್ರಿ? ಇದೂ ಹಂಗ. ಉಲ್ಟಾ ತಿರುಗಿದರ ಮಂತ್ರಾ ಹಿಂದಿನಿಂದ ಓದಿದಂಗ.”

ದಿನಾ ಬೆಳಿಗ್ಗೆ ಹನುಮಪ್ಪನ ಗುಡಿಯನ್ನು ಬಲಕ್ಕೇ ಸುತ್ತುವವನು ನಾನು!

“ತಪ್ಪು ನಂದ್ರಿ, ತಾಯಿ,” ಎಂದು ಮಡಿವಾಳೆಪ್ಪ ಕೈಮುಗಿದ. ಮೂವತ್ತು ವರ್ಷ ಕಾಪಾಡಿದ ಹೆಸರನ್ನು ಆ ಮುದುಕಿಯ ಕಾಲ ಬಳಿ ಇಟ್ಟುಬಿಟ್ಟ. ಆನೆ ಗಾತ್ರದ ಸುಳ್ಳನ್ನು ಸಲೀಸಾಗಿ ಹೊರುವ ನನ್ನ ನಾಲಿಗೆಗೆ ‘ಹೇಳಿದ್ದು ನಾನು’ ಎಂಬ ಎರಡು ಶಬ್ದ ಭಾರವಾದವು.

ಅವನು ವೈರ್ ಬದಲಿಸಿದ. ಚಕ್ರ ಬಲಕ್ಕೆ ತಿರುಗಿದಾಗ ಮುದುಕಿ ಅವನ ತಲೆ ಮುಟ್ಟಿ ಹರಸಿದಳು. ನನಗೂ ಅವರ ಕಡೆಯ ಉಪ್ಪಿನ ಚಹಾ ಕೊಟ್ಟಳು. ಅರ್ಧಕ್ಕೇ ಕೆಳಗಿಟ್ಟೆ, ಅದು ಉಪ್ಪಿನ ದೋಷವಲ್ಲ.

ಬಸ್ಸು ಧಾರವಾಡ ದಾಟಿದ ಮೇಲೆ ನನಗೆ ಬಾಯಿ ಬಂತು. “ಮಡಿವಾಳೆಪ್ಪಾ, ತಪ್ಪು ನಂದು. ಅಲ್ಲೇ ಹೇಳಬೇಕಾಗಿತ್ತು.”

ಅವನು ಕಿಟಕಿಯಿಂದ ಮುಖ ತಿರುಗಿಸಲಿಲ್ಲ.

“ಗೊತ್ತೈತ್ರಿ. ಮೋಟರ್ ಉಲ್ಟಾ ತಿರುಗಿದರ ವೈರ್ ಬದಲಿ ಮಾಡತೇನಿ. ಮಾಸ್ತರ ನಾಲಿಗಿ ಮುಂಡಗೋಡದಾಗ ಬಂದ್ ಬಿದ್ದು ಧಾರವಾಡದಾಗ ಚಾಲೂ ಆದರ, ನಾ ಏನ್ ಮಾಡ್ಲಿ?”