ಹಿತ್ತಲ ಬಾಗಿಲ ಚಪ್ಪಾಳೆ

ಮೂರು ಚಪ್ಪಾಳೆ, ಒಂದು ಉಸಿರಿನಷ್ಟು ಬಿಡುವು, ಮತ್ತೆ ಎರಡು. ಆಮೇಲೆ ಸಣ್ಣ ದನಿಯಲ್ಲಿ, "ಸರದು ನಿಲ್ಲಪ್ಪಾ, ನಾ ಬರಾಕತ್ತೀನಿ." ಹಿತ್ತಲ ಬಾಗಿಲಲ್ಲಿ ಅತ್ತಿಗೆ ನಿಂತಿದ್ದಳು. ಅವಳ ಮುಂದೆ ಕತ್ತಲೆ ಬಿಟ್ಟರೆ ಯಾರೂ ಇರಲಿಲ್ಲ.

ನಮ್ಮ ಮನೆ ಯಲಬುರ್ಗಿ ಕಡೆಯ ಮಂಗಳೂರಿನಲ್ಲಿ. ಹೈದರಾಬಾದಿನಲ್ಲಿ ಬಿ.ಎ. ಓದುತ್ತಿದ್ದ ನಾನು ರಜೆಗೆಂದು ಅದೇ ಸಂಜೆ ಬಂದಿದ್ದೆ. ಅಣ್ಣ ಗಂಗಾವತಿ ಹತ್ತಿರದ ಮರಳಿಯ ಹುಡುಗಿಯನ್ನು ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಅಷ್ಟರಲ್ಲೇ ಅವಳ ಟ್ರಂಕು ಪಡಸಾಲೆಗೆ ಬಂದಿತ್ತು. ನಾಡಿದ್ದು ಅವಳನ್ನು ತವರಿಗೆ ಬಿಟ್ಟುಬರುವುದು, ಮತ್ತೆ ಕರೆತರುವ ಮಾತಿಲ್ಲ ಎಂದು ಅವ್ವ ನನ್ನನ್ನು ಒಲೆಯ ಹತ್ತಿರ ಕೂರಿಸಿಕೊಂಡು ಹೇಳಿದಳು.

"ಹೊತ್ತು ಮುಳುಗಿದ್ರ ಸಾಕು, ಚಪ್ಪಾಳಿ ತಟ್ತಾಳ. ಯಾರ ಕೂಡ ಮಾತಾಡ್ತೀ ಅಂದ್ರ 'ಅವನ ಕೂಡ್ರಿ' ಅಂತಾಳ. ಯಾವನವ್ವಾ ಅಂದ್ರ ಬಾಯಿ ಮುಚ್ಕೊಂತಾಳ. ಕೊಪ್ಪಳದ ಡಾಕ್ಟರು ಇಂಗ್ಲೀಷಿನ್ಯಾಗ ರೋಗದ ಹೆಸರು ಹೇಳ್ಯಾರ. ನಿಮ್ಮಣ್ಣ ನೆನಪ ಇಟ್ಕೊಂಡಾನ, ಕೇಳು."

ಅಣ್ಣ ಕಲಿತದ್ದು ಆಗ ನಮ್ಮ ಕಡೆ ಇದ್ದ ಉರ್ದು ಸಾಲೆಯಲ್ಲಿ. ಇಂಗ್ಲಿಷ್ ಬಾರದ ಅವನು ಆ ಒಂದು ಶಬ್ದವನ್ನು ಕೊಪ್ಪಳದಿಂದ ಗಾಡಿಯಲ್ಲಿ ದಾರಿಯುದ್ದಕ್ಕೂ ಹೇಳಿಕೊಳ್ಳುತ್ತ ಬಂದಿದ್ದನಂತೆ. ತಪ್ಪಿಲ್ಲದೆ ಒಪ್ಪಿಸಿದ: "ಅಬ್‌ನಾರ್ಮಲಿ." ಆಮೇಲೆ ನನ್ನ ಕಡೆ ತಿರುಗಿ, "ಹುಚ್ಚು ಅಂತ ಹೌದಲ್ಲ?" ಎಂದ.

"ಅದು ರೋಗದ ಹೆಸರಲ್ಲ," ಎಂದೆ. "ರೂಢಿಯಾಗ ಇಲ್ಲದಂಗ ಅಂತ, ಅಷ್ಟ. ಮಳಿಗಾಲದಾಗ ವಿಪರೀತ ಸೆಕಿ ಆದ್ರೂ ಆ ಮಾತು ಹಾಕ್ತಾರ. ಕರು ಭಾಳ ದೊಡ್ಡದು ಹುಟ್ಟಿದ್ರೂ ಹಾಕ್ತಾರ."

ಬಾಗಿಲ ಬಳಿ ಕೂತಿದ್ದ ಅಪ್ಪ ಕೇಳಿದರು: "ಯಾರ ರೂಢಿ?"

"ಅದನ್ನ ಆ ಶಬ್ದ ಹೇಳೂದಿಲ್ಲಪ್ಪಾ. ಡಾಕ್ಟರು ಅತ್ತಿಗಿನ್ನ ಏನರ ಕೇಳಿದ್ರೇನು?"

"ಆಕಿ ಸೆರಗು ಹೊದ್ದು ನಿಂತಿದ್ಲು," ಎಂದ ಅಣ್ಣ. "ನನ್ನ ಕೇಳಿದ್ರು. ಅವ್ವ ಹೇಳಿದ್ದು ನಾನು ಹೇಳಿದೆ."

ಮರುದಿನ ಮಧ್ಯಾಹ್ನ ಅತ್ತಿಗೆ ಪಡಸಾಲೆಯಲ್ಲಿ ಜೋಳ ಕೇರುತ್ತಿದ್ದಳು. ನಾನು ಹತ್ತಿರ ಕೂತು ಹರಳು ಆರಿಸುತ್ತ, ಸಂಜೆ ಮಾತಾಡುವುದು ಯಾರ ಕೂಡ ಎಂದೆ. ಅವಳು ಅಂಗಳದ ಬಿಸಿಲನ್ನೊಮ್ಮೆ ನೋಡಿದಳು.

"ಹಗಲು ಐತಿ, ಹೇಳ್ತೀನಿ ತಂಗಿ. ಹಾವಿನ ಕೂಡ. ನಮ್ಮೂರಾಗ ಗದ್ದಿ ಬದುವಿನ್ಯಾಗ ಇಲಿ ಭಾಳ, ಇಲಿ ಹಿಂದ ಹಾವು. ಕತ್ತಲಾದ್ರ ಸಣ್ಣವರು ದೊಡ್ಡವರು ಎಲ್ಲಾರೂ ತಟ್ಕೊಂತನ ಹೋಗ್ತೀವಿ. ಅತ್ತಿ ಕೇಳಿದ್ದು ದೀಪ ಹಚ್ಚಿದ ಮ್ಯಾಲ. ಆ ಹೊತ್ತಿನ್ಯಾಗ ಅದರ ಹೆಸರು ತಗೀತಾರೇನು?"

ಒಳಗೆ ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ಅವ್ವ ಕೈಗೆ ಹಿಟ್ಟು ಮೆತ್ತಿಕೊಂಡೇ ಬಾಗಿಲಿಗೆ ಬಂದಳು.

"ನಾವೂ ಕತ್ತಲಾಗ ಕೋಲು ಬಡ್ಕೊಂತ ಹೋಗ್ತೀವಿ, ಹೆಸರು ತಗಿಯೂದಿಲ್ಲ. ಹುಳ ಅಂತೀವಿ."

"ನಾವು ಅವನು ಅಂತೀವ್ರಿ."

"ಅಯ್ಯ ನಿನ್ನ. ಆ ನಿನ್ನ ಅವನ್ನ ದೆವ್ವ ಅಂತ ತಿಳಿದು ಬಿಡಸಾಕ ನಾ ಒಂದು ಗಿಡದ ನಿಂಬಿಹಣ್ಣು ಖಾಲಿ ಮಾಡೀನಿ. ಹಗಲ್ಹೊತ್ತು ಹೇಳಾಕ ಏನಾಗಿತ್ತು?"

"ಹಗಲ್ಹೊತ್ತು ನೀವು ಕೇಳ್ಲಿಲ್ರಿ. ದಿನಾ ಸಂಜಿಮುಂದ ನಿಂಬಿಹಣ್ಣು ಯಾಕ ಇಳಿಸ್ತೀರಿ ಅಂತ ನಾನೂ ಕೇಳ್ಲಿಲ್ರಿ. ನಿಮ್ಮ ಕಡೆ ಹಂಗ ಇರ್ತೈತಿ ಅಂದ್ಕೊಂಡೆ."

ಅವ್ವ ಗೋಡೆಗೆ ಒರಗಿ ಕೂತಳು. ನಗುತ್ತಿದ್ದಾಳೆಂದು ನನಗೆ ಗೊತ್ತಾದದ್ದು ಅವಳ ಭುಜಗಳಿಂದ. ಅಪ್ಪ ಹೊರಗಿನಿಂದಲೇ, "ಗಾಡಿ ಹೂಡೂದು ಬ್ಯಾಡ," ಎಂದರು. ಅಣ್ಣ ಮುಂಜಾನೆ ತೊಳೆದಿದ್ದ ಎತ್ತುಗಳ ಮೈಯನ್ನೇ ಮತ್ತೆ ತೊಳೆಯುತ್ತ ಬಹಳ ಹೊತ್ತು ಕೊಟ್ಟಿಗೆಯಲ್ಲಿದ್ದ. ಅಂದು ರಾತ್ರಿ ಊಟಕ್ಕೆ ಅವ್ವ ಅನ್ನ ಮಾಡಿದಳು. ಹಬ್ಬವೇನೂ ಇರಲಿಲ್ಲ. ಆ ಇಂಗ್ಲಿಷ್ ಶಬ್ದವನ್ನು ನಮ್ಮ ಮನೆಯಲ್ಲಿ ಮತ್ತೆ ಯಾರೂ ಆಡಲಿಲ್ಲ.

ಮರುದಿನ ಬೆಳಕು ಹರಿಯುವ ಮೊದಲೇ ಅತ್ತಿಗೆ ನನ್ನನ್ನು ಎಬ್ಬಿಸಿದಳು. ಇಬ್ಬರೂ ಸೇರಿ ಟ್ರಂಕನ್ನು ಎತ್ತಿ ಅವಳ ಕೋಣೆಯಲ್ಲಿಟ್ಟೆವು. ಆಮೇಲೆ ಹಿತ್ತಲಿಗೆ ಹೊರಟೆವು. ಬಾಗಿಲಲ್ಲಿ ಅವಳು ಚಪ್ಪಾಳೆ ತಟ್ಟಿದಳು. ನಾನು ಮೂಲೆಯಲ್ಲಿದ್ದ ನಮ್ಮ ಕೋಲು ತೆಗೆದುಕೊಂಡು, ನೆಲಕ್ಕೆ ಬಡಿಯುತ್ತ ಅವಳ ಹಿಂದೆ ನಡೆದೆ.