ನಲವತ್ತು ಟ್ಯಾಬ್‌ಗಳಿಗೆ ಮೇವು

ಅಕ್ಕ ಒಂದು ಸಣ್ಣ ಶಾಲೆಯ ಮುಖ್ಯೋಪಾಧ್ಯಾಯಿನಿ. ನಮ್ಮ ಮಹಡಿಯ ಮೇಲೇ ಅವಳ ಮನೆ. ಅವಳಿಗೆ ತಳಮಳವಾದರೆ ನನಗೆ ಯಾರೂ ಹೇಳಬೇಕಿಲ್ಲ, ತಲೆಯ ಮೇಲೆ ಚಪ್ಪಲಿ ಸದ್ದು ಅತ್ತಿಂದಿತ್ತ ಓಡಾಡುತ್ತದೆ. ಈ ವಾರವೆಲ್ಲ ಅದೇ. ತೊಟ್ಟಿಲಲ್ಲಿ ನನ್ನ ಮಗಳೂ ಸೂರು ನೋಡುತ್ತ ಮಲಗಿರುತ್ತಾಳೆ.

ಪೀಠೋಪಕರಣದ ಅಂಗಡಿಯವರೊಬ್ಬರು ಅವಳ ಶಾಲೆಗೆ ನಲವತ್ತು ಟ್ಯಾಬ್ ಕೊಡುತ್ತೇನೆ ಅಂದಿದ್ದಾರೆ. ಇವತ್ತು ಹೂಂ ಅನ್ನದಿದ್ದರೆ ಬೇರೆ ಶಾಲೆಗೆ ಹೋಗುತ್ತವೆ. ಬೆಳಿಗ್ಗೆ ಅರ್ಧ ಜಡೆ ಹೆಣೆದುಕೊಂಡೇ ಕೆಳಗಿಳಿದು ಬಂದಳು. ಹಿಂದೆಯೇ ಭಾವ, ಕಾಫಿ ಲೋಟ ಹಿಡಿದು.

"ದಾನ ಕೊಟ್ಟ ಹಸುವಿನ ಹಲ್ಲು ಎಣಿಸಬಾರದು ಕಣೇ."

"ಹಲ್ಲು ಯಾರೆಣಿಸಿದ್ರು ರೀ? ಮೇವು ಎಲ್ಲಿಂದ ತರೋದು ಅಂತ ಕೇಳ್ತಿದೀನಿ."

ಹಾಲು ಕುಡಿದ ಬೆಕ್ಕಿಗಿಂತ ಬಾಯಿ ಸುಟ್ಟುಕೊಂಡ ಬೆಕ್ಕಿಗೇ ಹಾಲಿನ ವಿಷಯ ಹೆಚ್ಚು ಗೊತ್ತು. ಹಿಂದೊಮ್ಮೆ ಅವಳ ಶಾಲೆಗೆ ಹೀಗೇ ದಾನ ಬಂದ ಲ್ಯಾಪ್‌ಟಾಪ್‌ಗಳನ್ನು, ಮಕ್ಕಳು ಒಡೆದರೆ ರಿಪೇರಿಗೆ ದುಡ್ಡಿಲ್ಲವೆಂದು, ಶಾಲೆಯವರು ಬಟ್ಟೆ ಸುತ್ತಿ ಬೀರುವಿನಲ್ಲಿಟ್ಟು ಬೀಗ ಹಾಕಿದ್ದರು. ವರ್ಷದ ಮೇಲೆ ತೆಗೆದು ನೋಡಿದರೆ, ಚಾರ್ಜ್ ಕಾಣದ ಬ್ಯಾಟರಿಗಳು ದಿನ ತುಂಬಿದ ಬಸುರಿಯರ ಹಾಗೆ ಉಬ್ಬಿದ್ದವು. ಒಂದು ಮಗುವೂ ಮುಟ್ಟದೆ ಅಷ್ಟೂ ಹಾಳು.

"ತೊಟ್ಟಿಲು ಕೊಡೋಕೆ ನಾ ಮುಂದು ತಾ ಮುಂದು ಅಂತ ಬಂದ್ರಲ್ಲ ಅಕ್ಕ," ಅಂದೆ. "ರಾತ್ರಿ ಎದ್ದೆದ್ದು ತೂಗೋಕೆ ಯಾರು ಬಂದ್ರು?"

"ನಾನು ಬಂದೆ," ಅಂದಳು ಅಕ್ಕ. ಅದೂ ನಿಜವೇ. ಅವಳ ಉಳಿದರ್ಧ ಜಡೆ ಹೆಣೆಯತೊಡಗಿದೆ. ಅವಳು ಹಾಗೇ ಫೋನು ಹಚ್ಚಿ ಸ್ಪೀಕರಿಗೆ ಹಾಕಿದಳು.

"ಸರ್, ಇಪ್ಪತ್ತು ಸಾಕು. ಉಳಿದಿಪ್ಪತ್ತರ ದುಡ್ಡನ್ನ ಐದು ವರ್ಷದ ಬ್ಯಾಟರಿ, ರಿಪೇರಿ, ಇಂಟರ್ನೆಟ್ಟು, ಟೀಚರ್‌ಗಳ ತರಬೇತಿ, ಇದಕ್ಕೆಲ್ಲ ಇಡೋಣ."

"ಮೇಡಂ, ನಲವತ್ತು ಮಕ್ಕಳ ಕೈಲಿ ನಲವತ್ತು ಇದ್ರೆ ಫೋಟೋ ಚೆಂದ. ರಿಪೇರಿ ದುಡ್ಡನ್ನ ಯಾವ ಕ್ಯಾಮೆರಾದಲ್ಲಿ ಹಿಡಿಯೋದು?"

"ನಿಮ್ಮ ಸೋಫಾಕ್ಕೆ ಐದು ವರ್ಷ ಗ್ಯಾರಂಟಿ ಅಂತ ಬೋರ್ಡು ಹಾಕಿದೀರಿ. ನಮ್ಮ ಶಾಲೆ ಗೋಡೆ ಮೇಲೂ ಹಾಕ್ತೀನಿ, ನಿಮ್ಮ ಹೆಸರಲ್ಲೇ."

ಆ ಕಡೆ ಕ್ಯಾಲ್ಕುಲೇಟರ್ ಟಕಟಕ ಅಂದಿತು. ಅಕ್ಕ ಎದ್ದೇಬಿಟ್ಟಳು, ಜಡೆ ನನ್ನ ಕೈಯಿಂದ ಜಾರಿತು. ದಾನವೂ ಕೈತಪ್ಪಿತು ಅಂದುಕೊಂಡೆ.

"ಇಪ್ಪತ್ತು ಕೊಡ್ತೀನಿ," ಅಂದರು ಕೊನೆಗೆ. "ಖರ್ಚು ಮಾತ್ರ ಮೂರು ವರ್ಷದ್ದು. ಅದಕ್ಕಿಂತ ಆಗಲ್ಲ."

ಭಾವ ಒಪ್ಪಿಕೋ ಎಂದು ಕೈಸನ್ನೆ ಮಾಡಿದರು. ಅಕ್ಕ ಗೋಡೆಯತ್ತ ತಿರುಗಿದಳು.

"ಹಾಗಾದ್ರೆ ಹನ್ನೆರಡೇ ಕೊಡಿ ಸರ್. ಅದೇ ಖರ್ಚಿನ ದುಡ್ಡು ಐದು ವರ್ಷ ಬರುತ್ತೆ."

ಅವರು ನಕ್ಕರು. "ಕಡಿಮೆ ಕೊಡಿ ಅಂತ ಚೌಕಾಸಿ ಮಾಡೋರನ್ನ ಇವತ್ತೇ ನೋಡಿದ್ದು. ಆಯ್ತು ಮೇಡಂ."

ಭಾವ ತಲೆ ಚಚ್ಚಿಕೊಂಡು ಮೇಲೆ ಹೋದರು. ಅಕ್ಕ ಕೂತಳು, ಮಗಳನ್ನೆತ್ತಿ ಮಡಿಲಿಗೆ ಹಾಕಿಕೊಂಡಳು. ಇನ್ನಾದರೂ ನಿರಾಳವಾದಾಳು ಅಂದುಕೊಂಡರೆ, ಅವಳ ಕಾಲು ಆಗಲೇ ಕುಣಿಯುತ್ತಿತ್ತು.

"ಹನ್ನೆರಡಕ್ಕೆ ನಲವತ್ತು ಮಕ್ಕಳು. ಮೊದಲ ಸರದಿ ಯಾರಿಗೆ ಕೊಡ್ಲಿ, ಹೇಳೇ."