ಹಳದಿ ಗೆರೆಯ ಒಳಗೆ ಭುವನೇಶ್ವರಿ

ಭುವನೇಶ್ವರಿಯನ್ನು ನಾನು ಮೊದಲು ಕಂಡದ್ದು ಅಫಜಲಪುರ ತಾಲ್ಲೂಕಿನಲ್ಲಿ, ನಮ್ಮ ಕಂಪನಿಯ ಗೇಟಿನ ಹೊರಗೆ. ತೊಗರಿ ರಾಶಿಯ ದಿನಗಳು. ಬೆಳಗಿನ ಚಳಿ ಇನ್ನೂ ಬಿಟ್ಟಿರಲಿಲ್ಲ. ಟಂಟಂ ಆಟೋದಿಂದ ಆರೇಳು ಹೆಂಗಸರು ಇಳಿದರು. ಉಳಿದವರೆಲ್ಲ ಗೇಟಿನತ್ತ ನಡೆದರೆ, ಹಸಿರು ಸೀರೆಯ ಒಬ್ಬಳು ಮಾತ್ರ ನಿಂತಲ್ಲೇ ತಲೆಯೆತ್ತಿ ನೋಡುತ್ತಿದ್ದಳು. ತಲೆಗೆ ಉಣ್ಣೆಯ ಸ್ಕಾರ್ಫ್ ಸುತ್ತಿದ್ದಳು. ಕೈಯಲ್ಲಿ ರೊಟ್ಟಿಯ ಗಂಟು. ಒಂದು ಚಪ್ಪಲಿಯ ಬಾರಿಗೆ ತೆಳ್ಳನೆಯ ತಂತಿ ಹೆಣೆದಿತ್ತು. ಅವಳು ನೋಡುತ್ತಿದ್ದದ್ದು ಬ್ಯಾಚಿಂಗ್ ಪ್ಲಾಂಟನ್ನು. ಜಲ್ಲಿ, ಮರಳು, ಸಿಮೆಂಟು, ನೀರು ಅಳತೆಯಂತೆ ಬಂದು ಸೇರಿ ಕಾಂಕ್ರೀಟ್ ಆಗುವ ದೊಡ್ಡ ಯಂತ್ರ ಅದು. ಅದರ ಪಕ್ಕದಲ್ಲಿ ಕಂಬಗಳ ಮೇಲೆ ಗಾಜಿನ ಕಿಟಕಿಯ ಒಂದು ಸಣ್ಣ ಕೋಣೆ.

ನನ್ನ ಹೆಲ್ಮೆಟ್ ನೋಡಿ ಅವಳು ಕೇಳಿದಳು, “ಅಕ್ಕೋರೇ, ಆ ಡಬ್ಬಿ ಒಳಗ ಯಾರು ಕುಂಡ್ರತಾರ್ರಿ?”

“ಆಪರೇಟರ್.”

“ಹೆಣ್ಮಕ್ಳು ಕುಂಡ್ರಬಹುದೇನ್ರಿ?”

“ಇಲ್ಲೀತನಕಾ ಯಾರೂ ಕುಂತಿಲ್ಲ.”

“ಕುಂತಾರೇನು ಅಂತ ಕೇಳ್ಲಿಲ್ರಿ ನಾ. ಕುಂಡ್ರಬಹುದೇನು ಅಂದೆ.”

ಕುಂಡ್ರಬಹುದು ಅಂದೆ. ಅವಳು ತಲೆಯಾಡಿಸಿ ಗೇಟಿನ ಒಳಗೆ ನಡೆದಳು.

ನಾನು ನರೋಣಾದವಳು. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು. ಹತ್ತಾರು ದೇಶಗಳಲ್ಲಿ ರಸ್ತೆ, ಸೇತುವೆ ಕಟ್ಟುವ ಈ ಕಂಪನಿ ಭೀಮಾ ನದಿಗೆ ಸೇತುವೆ ಕಟ್ಟಲು ಬಂದಾಗ ಸುರಕ್ಷತಾ ವಿಭಾಗದಲ್ಲಿ ನನಗೆ ಕೆಲಸ ಸಿಕ್ಕಿತ್ತು. ವಿಭಾಗದ ಮುಖ್ಯಸ್ಥ ಡುವಾರ್ತೆ ಪೋರ್ಚುಗಲ್ ದೇಶದವನು. ಅವನು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಕೆಲಸಗಾರರಿಗೆ ನಮ್ಮ ಮಾತಿನಲ್ಲಿ ತಿಳಿಸುವುದು ನನ್ನ ಪಾಲಿನದು.

ಭುವನೇಶ್ವರಿಯ ತವರು ಆಳಂದ ತಾಲ್ಲೂಕಿನ ಜಿಡಗಾ. ಮದುವೆಗೆ ಮೊದಲು ಐಟಿಐನಲ್ಲಿ ಎಲೆಕ್ಟ್ರಿಷಿಯನ್ ವಿದ್ಯೆ ಕಲಿತಿದ್ದಳು. ಆಮೇಲೆ ಅದು ಅಕ್ಕಪಕ್ಕದವರ ಫ್ಯಾನು, ಮಿಕ್ಸರುಗಳಿಗೆ ಮಾತ್ರ ಬಳಕೆಯಾಗಿತ್ತು. ಗಂಡ ಅಮರನಾಥ ಪಂಪ್‌ಸೆಟ್ ದುರಸ್ತಿಯ ಅಂಗಡಿ ಇಟ್ಟವನು. ಕಂಪನಿಯಲ್ಲಿ ಅವಳಿಗೆ ಸಿಕ್ಕದ್ದು ಕಾಂಕ್ರೀಟ್ ಪರೀಕ್ಷೆಯ ಅಚ್ಚುಗಳನ್ನು ತೊಳೆಯುವ ಕೆಲಸ. ಊಟದ ಬಿಡುವಿನಲ್ಲಿ ಅವಳು ಪ್ಲಾಂಟಿನ ಹಿರಿಯ ಆಪರೇಟರ್ ಬೀರಲಿಂಗಪ್ಪನವರ ಬೆನ್ನು ಹತ್ತುತ್ತಿದ್ದಳು. ಅವರು ಕೆಳಗಿಳಿದು ಬಂದರೆ ಸಾಕು, ಒಂದರ ಮೇಲೊಂದು ಪ್ರಶ್ನೆ.

“ಈಕಿ ನನ್ನ ತಂಬಾಕಾ ಬಿಡಿಸ್ಯಾಳ್ರಿ,” ಎಂದು ಬೀರಲಿಂಗಪ್ಪ ನನ್ನ ಮುಂದೆ ಗೊಣಗಿದರು. “ಬಾಯಾಗ ಹಾಕ್ಕೋಳಾಕ ಪುರಸತ್ತೇ ಕೊಡಂಗಿಲ್ಲ.”

ಮರುವರ್ಷ ಬೀರಲಿಂಗಪ್ಪ ಬೇರೆ ಸೈಟಿಗೆ ಹೋಗುವುದು ನಿಶ್ಚಯವಾಯಿತು. ಅವರ ಜಾಗಕ್ಕೆ ಇಲ್ಲಿಯವರನ್ನೇ ತರಬೇತಿ ಕೊಟ್ಟು ತೆಗೆದುಕೊಳ್ಳಬೇಕೆಂದು ಕಂಪನಿ ಪರೀಕ್ಷೆ ಇಟ್ಟಿತು. ಭುವನೇಶ್ವರಿ ಮೊದಲು ಬಂದಳು, ಕಲ್ಯಾಣಕುಮಾರ ಎಂಬ ಹುಡುಗ ಎರಡನೆಯವನು.

ಪ್ಲಾಂಟಿನ ಸುತ್ತ ನೆಲಕ್ಕೆ ಹಳದಿ ಗೆರೆ ಬಳಿದಿದ್ದಾರೆ. ಅದನ್ನು ದಾಟುವವರ ಕೊರಳಲ್ಲಿ ಏನೂ ಇರಬಾರದು. ಜಲ್ಲಿ, ಮರಳು ಸಾಗಿಸುವ ಬೆಲ್ಟಿಗೆ ದಾರ ಸಿಕ್ಕರೆ ಅದು ಮನುಷ್ಯನನ್ನೇ ಎಳೆದುಕೊಳ್ಳುತ್ತದೆ. ಹಿಂದೆ ಬೇರೊಂದು ದೇಶದಲ್ಲಿ ಡುವಾರ್ತೆಯ ಜೊತೆಗಾರನೊಬ್ಬ ಹಾಗೆ ಸತ್ತಿದ್ದ. ಆ ಮಾತು ಬಂದಾಗ ಡುವಾರ್ತೆಯ ದನಿ ತಗ್ಗುತ್ತದೆ.

ತರಬೇತಿಯ ಮೊದಲ ದಿನ, ಬೆಲ್ಟಿನ ಬಳಿ ಕೆಲಸ ಮಾಡುವ ಮೆಹರಾಜಬೇಗಂ ಎಂದಿನಂತೆ ತನ್ನ ತಾಯಿತ ಬಿಚ್ಚಿ ಲಾಕರಿನಲ್ಲಿಟ್ಟಳು. ಭುವನೇಶ್ವರಿಯೂ ತಾಳಿ ತೆಗೆದು ಇಟ್ಟಳು.

“ಗಂಡನ್ನ ತಿಜೋರ್ಯಾಗ ಇಟ್ಟಿಯಲ್ಲಬೇ!” ಎಂದು ಮೆಹರಾಜಬೇಗಂ ಕೆಣಕಿದಳು.

“ಇರ್ಲಿ ಬಿಡು. ಎಲ್ಲಿ ಓಡಿ ಹೋಗ್ತಾನ?”

ಡುವಾರ್ತೆ ಅವಳ ಕೊರಳಲ್ಲಿ ಉಳಿದ ಬಿಳಿ ದಾರವನ್ನು ತೋರಿಸಿದ. ಅದು ಶಿವದಾರ. ಅದರ ತುದಿಯ ಬೆಳ್ಳಿ ಕರಡಿಗೆಯಲ್ಲಿ, ಅವಳು ಕೂಸಾಗಿದ್ದಾಗ ಕಟ್ಟಿದ ಇಷ್ಟಲಿಂಗ. ಅವಳು ಅಂಗೈಯಿಂದ ಎದೆ ಮುಚ್ಚಿಕೊಂಡಳು.

ಎಂಟು ತಾಸಿನ ಮಾತು, ಲಾಕರಿಗೆ ಬೀಗವಿದೆ, ತೊಂದರೆಯೇನು ಎಂದು ಡುವಾರ್ತೆ ಕೇಳಿದ. ನಾನು ತಿಳಿಸಿದೆ.

“ಮಧ್ಯಾಹ್ನ ನಾ ಹೆಂಗ ಉಣ್ಲಿ ಅಂತ ಕೇಳ್ರಿ ಅವರಿಗೆ,” ಎಂದಳು. “ಲಿಂಗಕ್ಕ ತೋರಿಸದ ಒಂದ ತುತ್ತೂ ಬಾಯಾಗ ಇಟ್ಟಾಕಿ ಅಲ್ಲ ನಾ. ತಾಳಿ ಅಂದ್ರ ತಾಳಿ ತೆಗದೆ. ಇದು ಆಗಂಗಿಲ್ರಿ.”

ಡುವಾರ್ತೆ ಸಿಟ್ಟಾಗಲಿಲ್ಲ. ಆದರೆ ಕೊರಳು ಖಾಲಿ ಇರಲೇಬೇಕು ಎಂದ. ವಾರದೊಳಗೆ ಏನಾದರೂ ದಾರಿ ಆಗದಿದ್ದರೆ ಜಾಗ ಕಲ್ಯಾಣಕುಮಾರನಿಗೆ.

“ಅಕ್ಕಾ, ನೀ ಬರೂತನಕ ಕುರ್ಚಿ ಗರಂ ಇಡ್ತೇನಿ,” ಎಂದ ಕಲ್ಯಾಣಕುಮಾರ.

“ಕುಂಡ್ರಲೇ, ಕುಂಡ್ರು. ಮೊದಲ ಅದರ ಧೂಳಾ ಒರಸು.”

ಹಾಗೆಂದವಳು ಅಚ್ಚು ತೊಳೆಯುವ ತೊಟ್ಟಿಯ ಬಳಿ ಹೋಗಿ ಅಚ್ಚು ಉಜ್ಜತೊಡಗಿದಳು.

ಭಾನುವಾರ ನಾನು ಅವಳ ಮನೆಗೆ ಹೋದೆ. ಅತ್ತೆ ಕಸ್ತೂರಿಬಾಯಿ ಮೊರದಲ್ಲಿ ತೊಗರಿ ಹಸನು ಮಾಡುತ್ತಿದ್ದರು. ನನ್ನನ್ನು ಕೂರಿಸಿ, ನನ್ನೆದುರೇ ಸೊಸೆಗೆ ತೀರ್ಪು ಕೊಟ್ಟರು. “ಲಿಂಗಾ ಬಿಚ್ಚಿಟ್ಟು ಬಂದ್ರ ಹೊಸ್ತಿಲಾ ದಾಟಬ್ಯಾಡ. ಕೆಲಸಾ ಬಿಟ್ಟು ಬಂದ್ರೂ ದಾಟಬ್ಯಾಡ.”

“ಹಂಗಾದ್ರ ಈಕಿ ಎಲ್ಲಿ ಇರಬೇಕು ಯವ್ವಾ, ಅಂಗಳದಾಗ?” ಎಂದ ಅಮರನಾಥ.

“ನಿನ್ನ ದುಕಾನದಾಗ ಇರ್ಲಿ. ಪಂಪಾದ್ರೂ ನೆಟ್ಟಗಾಗ್ತಾವ.”

ನಗುವಿನ ನಡುವೆ ಕಸ್ತೂರಿಬಾಯಿಯ ಕೈ ಮೊರದಲ್ಲೇ ನಿಂತಿತು. ಬೆಲ್ಟು ದಾರವನ್ನು ಹೇಗೆ ಎಳೆಯುತ್ತದೆ ಎಂದು ನನ್ನಿಂದ ಬಿಡಿಸಿ ಹೇಳಿಸಿಕೊಂಡರು. “ನಮ್ಮಪ್ಪ ಬಾವಿ ತೋಡಾವರಿ. ಹಗ್ಗಾ ಹಿಡದು ಇಳಿಯೂ ಮುಂದ ಶಿವದಾರ ಸಿಗಬಾರದಂತ ಲಿಂಗಾ ರಟ್ಟಿಗಿ ಕಟ್ಕೋತಿದ್ದ. ಅಂಗದ ಮ್ಯಾಲ ಇದ್ರ ಆತು. ಕೊರಳಾಗೇ ಇರಬೇಕಂತ ಯಾರು ಅಂದಾರ?”

“ಇಷ್ಟ ದಿನಾ ಯಾಕ ಹೇಳ್ಲಿಲ್ಲ ಅತ್ತಿ?”

“ನೀ ಯಾವಾಗ ಬಾವಿ ತೋಡಿದಿಬೇ?”

ಸೋಮವಾರ ಭುವನೇಶ್ವರಿ ಕರಡಿಗೆ ಸಮೇತ ಲಿಂಗವನ್ನು ಬಟ್ಟೆಯಲ್ಲಿ ಸುತ್ತಿ, ರಟ್ಟೆಗೆ ಕಟ್ಟಿ, ಮೇಲೆ ಕಂಪನಿಯ ತುಂಬುತೋಳಿನ ಅಂಗಿ ತೊಟ್ಟು ಬಂದಳು. ಜಲ್ಲಿ ಎಳೆಯುವ ಕೊಕ್ಕೆಯ ಸರಳು ತಂದು ಡುವಾರ್ತೆ ಅವಳ ತೋಳಿನ ಸುತ್ತ ಆಡಿಸಿದ. ಕರಡಿಗೆ ಉಬ್ಬಿದ್ದಲ್ಲಿ ಕೊಕ್ಕೆ ತಡೆಯಿತು. ಅಂಗಿಯೊಳಗಿನ ಗಂಟಿಗೂ ಅದು ಸಿಕ್ಕಿಕೊಂಡಿತು. ಆಗದು ಎಂದು ಅವನು ತಲೆಯಾಡಿಸಿದ. ಅಂದು ಕುರ್ಚಿಯಲ್ಲಿ ಕುಳಿತವನು ಕಲ್ಯಾಣಕುಮಾರ. ಭುವನೇಶ್ವರಿ ಅಚ್ಚು ತೊಳೆದಳು. ಮಧ್ಯಾಹ್ನ ರೊಟ್ಟಿಯ ಗಂಟನ್ನು ಬಿಚ್ಚಲೇ ಇಲ್ಲ.

ಆದರೆ ಕಸ್ತೂರಿಬಾಯಿ ಸೋಲು ಒಪ್ಪುವವರಲ್ಲ. ಸಂಜೆಯೇ ದಪ್ಪ ಖಾದಿಯನ್ನು ಕತ್ತರಿಸಿ, ದವಾಖಾನೆಯಲ್ಲಿ ಬಿಪಿ ನೋಡುವಾಗ ತೋಳಿಗೆ ಸುತ್ತುತ್ತಾರಲ್ಲ, ಅಂಥ ಅಗಲ ಪಟ್ಟಿ ಹೊಲಿದರು. ಒಳಮೈಗೆ ಒಂದು ಜೇಬು. ಗಂಟಿಲ್ಲ, ಒಳಗಡೆ ಗುಂಡಿ. ಕರಡಿಗೆ ದೇವರ ಜಗಲಿಯ ಮೇಲೆ ಉಳಿಯಿತು. ಲಿಂಗ ಮಾತ್ರ ಮೆತ್ತನೆಯ ಬಟ್ಟೆಯಲ್ಲಿ ಜೇಬು ಸೇರಿತು.

ಮರುದಿನ ಡುವಾರ್ತೆ ಮತ್ತೆ ಕೊಕ್ಕೆ ಹಿಡಿದ. ಭುಜದಿಂದ ಮೊಣಕೈವರೆಗೆ ಎಳೆದ. ಬಗ್ಗಿಸಿದ, ಕೈ ಎತ್ತಿಸಿದ, ತೋಳು ತಿರುಗಿಸಿದ. ಎಲ್ಲೂ ಸಿಗಲಿಲ್ಲ. ನಾವೆಲ್ಲ ಗೆರೆಯ ಹೊರಗೆ ನೋಡುತ್ತ ನಿಂತಿದ್ದೆವು. ಅವನು ಸರಳನ್ನು ಕೆಳಗಿಟ್ಟು, ಪ್ಲಾಂಟಿನ ಕಡೆ ಕೈ ಚಾಚಿ, “ಹೋಗ್ರಿ,” ಎಂದ. ಅವನ ಬಾಯಲ್ಲಿ ಆ ‘ರಿ’ ಕೇಳಿ ಮೆಹರಾಜಬೇಗಂ ಹೋ ಎಂದು ನಕ್ಕಳು. ಭುವನೇಶ್ವರಿ ಮಾತ್ರ ನಗಲಿಲ್ಲ. ಹೆಲ್ಮೆಟ್ ಬಿಗಿ ಮಾಡಿಕೊಂಡು, ಗೆರೆ ದಾಟಿ, ಒಂದೊಂದೇ ಮೆಟ್ಟಿಲು ಹತ್ತಿದಳು.

ಕಲ್ಯಾಣಕುಮಾರ ಎದ್ದು ಜಾಗ ಬಿಟ್ಟ. “ಗರಂ ಅದ ನೋಡಕ್ಕಾ,” ಎಂದ. ಮುಂದೆ ಎರಡನೇ ಪಾಳಿ ಶುರುವಾದಾಗ ಅವನಿಗೂ ಆ ಕೆಲಸ ಸಿಕ್ಕಿತು. ಅವಳು ಮೆಟ್ಟಿಲು ಹತ್ತಿದ ದಿನ ನದಿಯ ನಡುವಿನ ಕಂಬಕ್ಕೆ ಹೋದ ಮೊದಲ ಗಾಡಿಯ ಕಾಂಕ್ರೀಟು ಅವಳು ಕಲೆಸಿದ್ದು. ಬೀರಲಿಂಗಪ್ಪ ಹಿಂದೆ ಕೈಕಟ್ಟಿ ನಿಂತಿದ್ದು, ಕೊನೆಗೆ “ಬರೋಬ್ಬರಿ,” ಎಂದರಂತೆ. ಮಧ್ಯಾಹ್ನ ಅವಳು ಕೆಳಗಿಳಿದು, ಅಂಗಿಯ ತೋಳು ಮಡಚಿ, ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಎಡೆ ತೋರಿಸಿ ಹೊಟ್ಟೆ ತುಂಬ ಉಂಡಳು. ಮುಂದಿನ ವಾರ ಮೆಹರಾಜಬೇಗಂ ತಾಯಿತಕ್ಕೂ ಅಂಥದೇ ಪಟ್ಟಿ ಬೇಕೆಂದು ಕಸ್ತೂರಿಬಾಯಿಯ ಮನೆಗೆ ಹೋದಳು.

ಸೇತುವೆ ಮುಗಿದ ಮೇಲೆ ಕಂಪನಿಯ ಕೆಲಸ ಜೇವರ್ಗಿ ತಾಲ್ಲೂಕಿಗೆ ಸಾಗಿದೆ. ಭುವನೇಶ್ವರಿ ಈಗ ಅಂದೋಲಾ ಹತ್ತಿರದ ಸೈಟಿನಲ್ಲಿ ಹಗಲು ಪಾಳಿಯ ಪ್ಲಾಂಟ್ ಆಪರೇಟರ್. ಹೊಸದಾಗಿ ಸೇರಿದ ಇಬ್ಬರು ಹೆಣ್ಣುಮಕ್ಕಳಿಗೆ ಯಂತ್ರ ನಡೆಸುವುದನ್ನು ಕಲಿಸುತ್ತಾಳೆ.